ಚಾಕ್‌ಪೀಸಿನ ಇಂಡೆಂಟು

ಬೈತಕೋಲದ ಐಸ್ ಫ್ಯಾಕ್ಟರಿಯ ಗೋಡೆಗೆ ಒರಗಿದ
ಕರಿಹಲಗೆಯೇ ನನ್ನ ಇಲಾಖೆ.
ಹೈದರಾಬಾದಿನಿಂದ ಬಂದ ಅಂಕಿಗಳನ್ನು
ಬೆಳಗಿನ ಜಾವ ಅದರ ಮೇಲೆ ಇಳಿಸುತ್ತೇನೆ:
ದೇವಗಡದ ದೀಪದಿಂದ ಇಷ್ಟು ಕಿಲೋಮೀಟರು,
ಇಂಥ ದಿಕ್ಕು, ಇಷ್ಟು ಆಳ.

ಮೇಲಿನದಕ್ಕೆ ಮೀನು ಕಾಣುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.
ಕಾಣುವುದು ನೀರಿನ ಬಿಸಿ, ನೀರಿನ ಹಸಿರು.
ಹಸಿರಿದ್ದಲ್ಲಿ ತಾರ್ಲಿ ಬಂದೀತು,
ತಾರ್ಲಿಯ ಬೆನ್ನಿಗೆ ಇಸ್ವಾಣ ಬಂದೀತು.
ಈ ‘ಬಂದೀತು’ಗೆ ವ್ಯಾಕರಣದಲ್ಲಿ ಸಂಭಾವನೆ ಎನ್ನುತ್ತಾರೆ.
ತಿಂಗಳ ಕೊನೆಗೆ ನನ್ನ ಕೈಗೆ ಬೀಳುವುದಕ್ಕೂ ಅದೇ ಹೆಸರು;
ಅದೂ ಬಂದೀತು.

ಮಾಣಕು ಹರಿಕಂತ್ರ ಖಾಲಿ ಬುಟ್ಟಿ ಬೋರಲು ಹಾಕಿ ಕೂತು
ಕೇಳಿದಳು, ‘ಆ ಮೇಲಿನದಕ್ಕೆ ಎಷ್ಟು ಬಿತ್ತು ಮಾಸ್ತರೇ?’
ಚೌಕಾಸಿಗೆ ಇಳಿದವಳ ದನಿ.

ಕೋಟಿಯಲ್ಲಿ ಹೇಳಿದರೆ ಇಬ್ಬರೂ ಸೊನ್ನೆಗಳಲ್ಲಿ ಮುಳುಗುತ್ತೇವೆಂದು
ಕಿಸೆಯಿಂದ ನೂರರ ನೋಟು ತೆಗೆದು ಹಿಡಿದೆ.
ಸರಕಾರ ಇಷ್ಟು ಖರ್ಚು ಮಾಡುವಾಗ
ಆಕಾಶದ ಪಾಲು ಇಪ್ಪತ್ತೈದೋ ಮೂವತ್ತೋ ಪೈಸೆ.
‘ಪೈಸೆಯೇ?’ ಎಂದಳು.
‘ಅಷ್ಟಕ್ಕೆ ಬಂಗಡೆಯ ಕಣ್ಣೂ ಬರುವುದಿಲ್ಲ.’

ಬೋಟಿನ ಅಂಚಿನಿಂದ ವಿಠೋಬ ತಾಂಡೇಲ ಬಾಯಿ ಹಾಕಿದ,
‘ಅಮೆರಿಕದವರು?’
ನೂರಕ್ಕೆ ಐವತ್ತು ಪೈಸೆಗೂ ಚೂರು ಕಮ್ಮಿ,
ಆದರೆ ಅವರ ನೂರು ನಮ್ಮ ನೂರಲ್ಲ ಎಂದೆ.
‘ಅಷ್ಟು ಗೊತ್ತು. ಪರ್ಸಿನ್ ಬೋಟಿನ ಚೂರುಪಾಲಿನ ಮುಂದೆ
ಪಾತಿದೋಣಿಯ ಪೂರ್ತಿ ಪಾಲು ಎಂತ ಲೆಕ್ಕ.’

ಯುರೋಪಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳು ವಂತಿಗೆ ಹಾಕುತ್ತವೆ,
ಹಾಕಿದ್ದಕ್ಕೆ ತಕ್ಕ ಕೆಲಸ ಅವರವರ ಕಾರ್ಖಾನೆಗೆ ಮರಳುತ್ತದೆ
ಎಂದಾಗ ಮಾಣಕು ನಕ್ಕಳು.
‘ರಾಂಪಣಿ ಅನ್ನಿ.
ನಮ್ಮಪ್ಪ ಎರಡು ತುಂಡು ಬಲೆ ಸೇರಿಸಿದ್ದ,
ಎರಡು ಪಾಲು ಮೀನು ತರುತ್ತಿದ್ದ.
ಪರ್ಸಿನ್ ಬಂದ ವರ್ಷ
ಆ ಬಲೆ ನಮ್ಮ ಬಸಳೆ ಚಪ್ಪರಕ್ಕೆ ಬೇಲಿಯಾಯಿತು.’

ಚೀನಾ ಪೂರ್ತಿ ಲೆಕ್ಕ ಬಿಚ್ಚುವುದಿಲ್ಲ,
ಹೊರಗಿನವರು ಅಂದಾಜು ಕಟ್ಟುತ್ತಾರೆ ಎಂದೆ.
ವಿಠೋಬನಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.
‘ಮೀನು ಸಿಕ್ಕ ಜಾಗ ಯಾವ ತಾಂಡೇಲ ಹೇಳಿದ್ದಾನೆ?’

ಮೂವತ್ತೆಂಟು ಕಿಲೋಮೀಟರು, ನೈರುತ್ಯ
ಎಂದು ಬರೆಯುವಷ್ಟರಲ್ಲಿ
ಕೊನೆಯ ಚಾಕ್‌ಪೀಸು ಬೆರಳ ಸಂದಿಯಲ್ಲಿ ಪುಡಿಯಾಯಿತು.
ಎರಡು ಡಬ್ಬಿ, ತೊಂಬತ್ತು ರೂಪಾಯಿ;
ಡಿಸೆಂಬರಿನಲ್ಲಿ ಕಳಿಸಿದ ಇಂಡೆಂಟು
ಆಕ್ಷೇಪಣೆ ಹೊತ್ತು ಮರಳಿದೆ:
‘ಹಿಂದಿನ ಡಬ್ಬಿಯ ಬಳಕೆಗೆ ಸಮರ್ಥನೆ ಒದಗಿಸುವುದು.’

ಏಳುನೂರು ಕಿಲೋಮೀಟರು ಇಳಿದು ಬಂದ ಸುದ್ದಿ
ನನ್ನ ಬೆರಳ ತುದಿಯಲ್ಲಿ ನಿಂತಿತು,
ಹಲಗೆಗೆ ಒಂದು ಗೇಣು ಬಾಕಿ.

ಮಾಣಕು ಸೊಂಟದ ಸಂಚಿ ಬಿಚ್ಚಿ ಸುಣ್ಣದ ಡಬ್ಬಿ ಚಾಚಿದಳು.
ಕಾಳಿಯ ಅಳಿವೆಯ ಚಿಪ್ಪು ಸುಟ್ಟ ಸುಣ್ಣ, ಇನ್ನೂ ಹಸಿ.
‘ಎಲೆಗೆ ಹಚ್ಚುವಷ್ಟೇ ತೆಗೆಯಿರಿ,
ನನ್ನ ಮಧ್ಯಾಹ್ನದ ಕವಳಕ್ಕೆ ಉಳಿಯಬೇಕು.’
ತೋರುಬೆರಳಿನಲ್ಲಿ ಬರೆದೆ:
ಆಳ ನಲವತ್ತು.

ವಿಠೋಬ ಓದಿದ. ಒಮ್ಮೆ ಉಗುಳಿದ.
‘ನೌಕಾನೆಲೆಯ ಗೆರೆ ಅಡ್ಡ ಇದೆ, ಸುತ್ತು ಹೋಗಬೇಕು.
ಆ ಸುತ್ತಿನ ಡೀಸೆಲ್ಲು
ನೀವು ಹೇಳಿದ ಪೈಸೆಯಲ್ಲಿ ಎಲ್ಲಿದೆ?’
ನಾನು ನೋಟನ್ನು ಮಡಚಿ ಕಿಸೆಗಿಟ್ಟೆ.
ಎಂಜಿನ್ನು ಎರಡು ಸಲ ಕೆಮ್ಮಿ ಹೊರಟಿತು.

ಮರುದಿನ ಬಂದದ್ದು ಒಂಬತ್ತು ಬುಟ್ಟಿ ತಾರ್ಲಿ.
ಯಾರೂ ಹಲಗೆಯನ್ನು ಹೊಗಳಲಿಲ್ಲ, ಬೈಯಲೂ ಇಲ್ಲ.
ಮಾಣಕು ಹರಾಜಿನಲ್ಲಿ ನಾಲ್ಕು ಹಿಡಿದು
ಕೋಡಿಬಾಗದ ಟೆಂಪೋ ಹತ್ತಿದಳು.

ಚಾಕ್‌ಪೀಸು ಮಾರ್ಚಿಯಲ್ಲಿ ಬಂತು, ಒಂದೇ ಡಬ್ಬಿ.
ಸುಣ್ಣ ಮಾತ್ರ ಹಲಗೆಯಿಂದ ಬಿಟ್ಟಿಲ್ಲ.
ಒದ್ದೆ ಗೋಣಿಯಲ್ಲಿ ಉಜ್ಜಿದೆ, ಹುಳಿ ಹಾಕಿ ಉಜ್ಜಿದೆ.
ದಿನವೂ ಹೊಸ ಅಂಕಿಯ ಹಿಂದೆ
ಮಸುಕಾಗಿ ಆ ನಲವತ್ತು ನಿಂತಿರುತ್ತದೆ,
ಹೊಸ ಹುಡುಗರು ಬೋಟು ಬಿಚ್ಚುವ ಮೊದಲು ಕೇಳುತ್ತಾರೆ:
ಇದು ಯಾವ ದಿನದ ಆಳ?